ಚದುರಂಗದಲ್ಲಿ ಗ್ರಾಮಸೇವಕರ ಪ್ರಗತಿ

ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕ ಟವೆಲ್ಲನ್ನು ಎಡ ಹೆಗಲಿನಿಂದ ತೆಗೆದು ಬಲ ಹೆಗಲಿಗೆ ಹಾಕಿಕೊಂಡ. ಯಾಕೆ ಹೀಗೆ ಮಾಡಿದ ಎಂದು ಆವಲಪ್ಪ ಯೋಚಿಸತೊಡಗಿದ. ಎದುರಿನವನು ಏನು ಮಾಡಿದರೂ ಮೊದಲು ಯಾಕೆ ಎಂದು ಕೇಳಿಕೊಳ್ಳಬೇಕು, ಉತ್ತರ ಸಿಗುವವರೆಗೆ ಕೈ ಎತ್ತಬಾರದು ಎಂದು ಚದುರಂಗ ಕಲಿಸುವ ಮೇಷ್ಟ್ರು ಹೇಳಿಕೊಟ್ಟು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಈ ಚಾಳಿ ಚದುರಂಗದ ಮನೆಗಳನ್ನು ದಾಟಿ ಊರೆಲ್ಲ ಹರಡಿಕೊಂಡಿತ್ತು. ಸೂಲಿಬೆಲೆಯ ಹೋಟೆಲಿನವನು ಕಾಫಿಯನ್ನು ಮೇಜಿನ ಈ ಬದಿಗೆ ಇಡದೆ ಆ ಬದಿಗೆ ಇಟ್ಟರೆ ಆವಲಪ್ಪ ಲೋಟ ಮುಟ್ಟದೆ ಎರಡು ನಿಮಿಷ ಅವನ ಮುಖ ನೋಡುತ್ತಿದ್ದ. ಮುದುಕನಿಗೆ ಎಡ ಹೆಗಲು ಕಡಿದಿರಬಹುದು. ಅಥವಾ ಕಿಟಕಿಯ ಬಿಸಿಲು ಬಲಗಡೆಯಿಂದ ಬೀಳುತ್ತಿರಬಹುದು. ಬಸ್ಸು ಈಗ ತಿರುಗಿಕೊಂಡರೆ ಬಿಸಿಲು ಎಡಕ್ಕೆ ಬರುತ್ತದೆ, ಆಗ ಮುದುಕ ಟವೆಲ್ಲನ್ನು ಮತ್ತೆ ಎಡಕ್ಕೆ ಹಾಕಿಕೊಳ್ಳಲೇಬೇಕು ಎಂದು ಲೆಕ್ಕ ಹಾಕಿ ಕಾದ. ಬಸ್ಸು ತಿರುಗಿತು. ಮುದುಕ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ನಿದ್ದೆಹೋದ. ಇದನ್ನು ನಾನು ಯೋಚಿಸಿಯೇ ಇರಲಿಲ್ಲವಲ್ಲ ಎಂದು ಆವಲಪ್ಪನಿಗೆ ನಿಜಕ್ಕೂ ಬೇಸರವಾಯಿತು.

ಅದು ಹದಿನೇಳನೆಯ ಭಾನುವಾರ. ಸೂಲಿಬೆಲೆ ಹೋಬಳಿಯ ಗ್ರಾಮಸೇವಕನಾದ ಆವಲಪ್ಪ, ವಯಸ್ಸು ಇಪ್ಪತ್ತೆಂಟು, ಮದುವೆಯಾಗಿ ಎಂಟು ತಿಂಗಳು, ಹದಿನಾರು ಭಾನುವಾರಗಳಿಂದ ಹೆಂಡತಿಯನ್ನು ಕರೆತರಲು ಕುಂದಾಣಕ್ಕೆ ಹೋಗಿ ಒಬ್ಬನೇ ವಾಪಸು ಬರುತ್ತಿದ್ದ. ಬೆಳಿಗ್ಗೆ ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಹನ್ನೊಂದಕ್ಕೆ ಮಾವನ ಮನೆ ಸೇರುವುದು, ಜಗಲಿಯ ಮೇಲೆ ಮಾವನ ಜೊತೆ ಚದುರಂಗ ಆಡಿ ಸೋಲುವುದು, ನಾಲ್ಕು ಗಂಟೆಯ ಬಸ್ಸಿಗೆ ಹೊರಡುವುದು. ಕಂಡಕ್ಟರನಿಗೂ ಇದು ಗೊತ್ತಾಗಿಹೋಗಿತ್ತು. ಮೊದಮೊದಲು ಅವನು ‘ಏನ್ ಸಾರ್, ಮನೆಯೋರು ಬರ್ಲಿಲ್ವಾ’ ಎಂದು ಕೇಳುತ್ತಿದ್ದ. ಈಗ ಕೇಳುವುದನ್ನು ಬಿಟ್ಟು, ಟಿಕೆಟ್ಟು ಕೊಡುವಾಗ ಸ್ವಲ್ಪ ಮೆತ್ತಗೆ ಕೊಡುತ್ತಿದ್ದ. ಆ ಮೆತ್ತನೆಯನ್ನು ಆವಲಪ್ಪನಿಂದ ತಡೆಯಲಾಗುತ್ತಿರಲಿಲ್ಲ.

ಶುರುವಾದದ್ದು ಹೀಗೆ. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅಳಿಯನಾದವನು ಆ ತಿಂಗಳು ಅತ್ತೆಮನೆ ಹೊಸಿಲು ದಾಟಬಾರದು. ಲಕ್ಷ್ಮೀದೇವಮ್ಮ ಹೋದಳು, ಆವಲಪ್ಪ ದಾಟಲಿಲ್ಲ. ಶ್ರಾವಣ ಹುಟ್ಟಿದ ಮೊದಲ ಭಾನುವಾರ ಬಾಳೆಹಣ್ಣು, ಹೂವು, ಎಲೆಅಡಿಕೆ ಹಿಡಿದು ಹೋದಾಗ ಮಾವ ದೊಡ್ಡಮುನಿಯಪ್ಪನವರು ಜಗಲಿಯಲ್ಲಿ ಚದುರಂಗ ಹರಡಿಕೊಂಡು ಕೂತಿದ್ದರು. ಸುತ್ತ ನಾಲ್ಕು ಜನ ಕೂತಿದ್ದರೂ ಎದುರಿಗೆ ಆಡುವವರು ಯಾರೂ ಇರಲಿಲ್ಲ. ಜಗಲಿಯ ಚಪ್ಪಡಿಯಲ್ಲೇ ಅರವತ್ತನಾಲ್ಕು ಮನೆ ಕೊರೆಸಿದ್ದರು, ಯಾವ ತಲೆಮಾರಿನದೋ. ‘ಅಳಿಮಯ್ಯಂಗೆ ಚದುರಂಗ ಬತ್ತದಾ?’ ಎಂದರು. ಬರುತ್ತದೆ ಎಂದ ಆವಲಪ್ಪ. ಕುದುರೆ ಹೇಗೆ ನೆಗೆಯುತ್ತದೆ ಎಂಬುದಷ್ಟೇ ಗೊತ್ತಿತ್ತು, ಅದೂ ಅರ್ಧ. ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಸರ್ಕಾರಿ ನೌಕರ, ರೈತರಿಗೆ ತಿಳಿವಳಿಕೆ ಕೊಡುವವನು, ಬರುವುದಿಲ್ಲ ಎಂದು ಹೇಗೆ ಹೇಳುವುದು. ಮಾವ ಬಿಳಿ ಕಾಯಿಗಳನ್ನು ಇವನ ಕಡೆ ತಳ್ಳಿ, ಜಗಲಿಯಲ್ಲಿದ್ದ ನಾಲ್ಕು ಜನಕ್ಕೂ ಕೇಳುವಂತೆ, ‘ಒಂದಾಟ ಗೆದ್ದು ಕರ್ಕೊಂಡೋಗಿ ಮತ್ತೆ’ ಎಂದು ನಕ್ಕರು. ನಾಲ್ಕು ಜನವೂ ನಕ್ಕರು. ಆವಲಪ್ಪನೂ ನಕ್ಕ. ಆ ನಗುವೇ ರುಜು ಹಾಕಿದ ಹಾಗಾಯಿತು.

ಮಾವ ಅದನ್ನು ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಎಂದು ಕೇಳುವ ಹೊತ್ತು ಯಾವುದಿತ್ತು ಎಂದು ಆವಲಪ್ಪ ಎಷ್ಟೋ ಸಲ ಹಿಂದಕ್ಕೆ ಹೋಗಿ ಹುಡುಕಿದ್ದ. ಮೊದಲನೆಯ ಭಾನುವಾರ ಸೋತ ಕೂಡಲೇ ಕೇಳಬಹುದಿತ್ತು. ಆದರೆ ಮಾವ ಎದ್ದು ಕಾಲು ಕೊಡವಿಕೊಂಡು, ‘ಬರೋ ವಾರ ನೋಡಾನ’ ಎಂದು ಕೊಟ್ಟಿಗೆ ಕಡೆ ಹೋದರು. ಬರುವ ವಾರ ಎಂದರೆ ಬರುವ ವಾರ. ಎರಡನೆಯ ವಾರ ಕೇಳಿದರೆ, ಸೋಲುತ್ತೇನೆಂಬ ಭಯಕ್ಕೆ ಕೇಳುತ್ತಿದ್ದಾನೆ ಅಂದುಕೊಂಡಾರು. ಐದನೆಯ ವಾರ ಕೇಳಿದರೆ, ನಾಲ್ಕು ವಾರ ಯಾಕೆ ಕೇಳಲಿಲ್ಲ ಅಂದಾರು. ಗೌರಿಹಬ್ಬ ಹೋಯಿತು, ಪಿತೃಪಕ್ಷ ಹೋಯಿತು, ದೀಪಾವಳಿಗೆ ಅಳಿಯನೆಂದು ಎಣ್ಣೆನೀರು ಹಾಕಿ ಹೊಸ ಪಂಚೆ ಕೊಟ್ಟರು. ಆ ಪಂಚೆ ಉಟ್ಟುಕೊಂಡೇ ಜಗಲಿಯಲ್ಲಿ ಕೂತು ಸೋತು, ಹಳೆಯ ಪ್ಯಾಂಟು ಹಾಕಿಕೊಂಡು ಬಸ್ಸು ಹತ್ತಿದ. ಎಲ್ಲರೂ ಪ್ರೀತಿಯಿಂದಲೇ ಇದ್ದರು, ಅದೇ ತೊಂದರೆ. ಅತ್ತೆ ಪಾಪಮ್ಮ ಪ್ರತಿ ವಾರ ಕೋಳಿ ಕೊಯ್ಯಿಸುತ್ತಿದ್ದರು. ಹದಿನಾರು ಕೋಳಿ ತನ್ನ ದಡ್ಡತನಕ್ಕೆ ಸತ್ತವು ಎಂದು ಆವಲಪ್ಪನಿಗೆ ಒಂದೊಂದು ಸಲ ಅನ್ನಿಸಿ ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು. ಆದರೂ ಸಾರು ಹಾಕಿಸಿಕೊಳ್ಳುತ್ತಿದ್ದ.

ಸೋತದ್ದಕ್ಕಿಂತ ಹೆಚ್ಚು ಅವಮಾನವಾಗುತ್ತಿದ್ದದ್ದು ಸೋತವನೂ ತಾನಲ್ಲ ಎಂಬುದರಿಂದ. ಕುಂದಾಣದ ಆ ಜಗಲಿಯಲ್ಲಿ ಆಡುವವರು ಇಬ್ಬರಾದರೂ ಕಾಯಿ ಎತ್ತುವ ಕೈ ಎಂಟು. ಪಕ್ಕದ ಮನೆಯ ಪಿಳ್ಳಣ್ಣ ಅಳಿಯನ ಪಕ್ಷ ವಹಿಸಿಕೊಂಡು ಅವನ ಬಲ ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದ. ಆವಲಪ್ಪ ಒಂಟೆಯ ಮೇಲೆ ಕಣ್ಣಿಟ್ಟು ಇನ್ನೂ ಯೋಚಿಸುತ್ತಿರುವಾಗಲೇ ‘ಅಯ್ಯೋ, ಆನೆ ನಡ್ಸಿ ಗುರು’ ಎಂದು ತಾನೇ ಆನೆಯನ್ನು ಎತ್ತಿ ಮಾವನ ಕಾಲಾಳಿನ ಬಾಯಿಗೆ ಇಟ್ಟುಬಿಡುತ್ತಿದ್ದ. ಆ ಆನೆಯೋ ಹಳೆಯದು ಕಳೆದುಹೋಗಿ ಅದರ ಬದಲಿಗೆ ಇಟ್ಟ ಖಾಲಿ ನೂಲಿನ ಉರುಳೆ. ಮಾವ ಅದನ್ನು ತೆಗೆದು ತಮ್ಮ ಪಕ್ಕ ಮಲಗಿಸುತ್ತಿದ್ದರು. ‘ಹೋಗ್ಲಿ ಬುಡಿ, ಒಂದು ಆನೆ ಹೋದ್ರೆ ಏನಾಯ್ತು’ ಎಂದು ಪಿಳ್ಳಣ್ಣ ಸಮಾಧಾನ ಮಾಡುತ್ತಿದ್ದ. ಬೇಡ, ನಾನೇ ಆಡುತ್ತೇನೆ ಎನ್ನಲು ಆವಲಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ವಯಸ್ಸಿನಲ್ಲಿ ದೊಡ್ಡವನು, ಮದುವೆಯಲ್ಲಿ ಚಪ್ಪರ ಹಾಕಿದವನು. ಹೀಗೆ ಮೊದಲ ಏಳೆಂಟು ಆಟಗಳಲ್ಲಿ ಆವಲಪ್ಪ ತನ್ನ ಕೈಯಿಂದ ನಡೆಸಿದ ಕಾಯಿ ಒಟ್ಟು ಹತ್ತಿರಲಿಕ್ಕಿಲ್ಲ. ತನ್ನ ಸಂಸಾರ ಪಿಳ್ಳಣ್ಣನ ಕೈಯಲ್ಲಿದೆ ಎಂದು ಹೊಳೆದ ದಿನ ಅವನು ದೇವನಹಳ್ಳಿಯ ಬಸ್‌ಸ್ಟಾಂಡಿನಲ್ಲಿ ಕೂತು ಒಂದು ಚಕೋತ ಹಣ್ಣನ್ನು ಪೂರ್ತಿ ಒಬ್ಬನೇ ತಿಂದ.

ಆಮೇಲೆ ಸುಧಾರಣೆ ಶುರುವಾಯಿತು. ಸುಧಾರಣೆ ಆವಲಪ್ಪನ ಕಸುಬೇ ಆಗಿತ್ತಲ್ಲ. ಸುಧಾರಿತ ಬೀಜ, ಸುಧಾರಿತ ಗೊಬ್ಬರದ ಗುಂಡಿ, ಸುಧಾರಿತ ಒಲೆ. ಸೂಲಿಬೆಲೆಯ ಸುತ್ತಿನ ಹನ್ನೆರಡು ಹಳ್ಳಿಗಳಲ್ಲಿ ಅವನು ಸುಧಾರಿಸಲು ಹೊರಟ ಯಾವುದೂ ಸುಧಾರಿಸಿರಲಿಲ್ಲ ಎಂಬುದು ಬೇರೆ ಮಾತು. ವಿಧಾನ ಮಾತ್ರ ಅವನಿಗೆ ಬಾಯಿಪಾಠವಾಗಿತ್ತು. ಮೊದಲು ತಿಳಿದವರನ್ನು ಹಿಡಿಯಬೇಕು. ಸೂಲಿಬೆಲೆಯಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ವೆಂಕಟರಾಯಪ್ಪನವರಿದ್ದರು. ದಿನಾ ಸಂಜೆ ಒಬ್ಬರೇ ಎರಡೂ ಕಡೆಯಿಂದ ಚದುರಂಗ ಆಡಿಕೊಂಡು, ಒಂದೊಂದು ಸಲ ಸೋತವರ ಹಾಗೆ ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಆವಲಪ್ಪನ ಕಥೆ ಕೇಳಿ ಅವರು ನಗಲಿಲ್ಲ. ‘ಹೆಂಡ್ತಿ ವಿಚಾರ ನಂಗೆ ತಿಳೀದಪ್ಪಾ. ಆಟ ಹೇಳ್ಕೊಡ್ತೀನಿ’ ಎಂದರು. ಹಾಸಿನ ಮೇಲಿದ್ದ ಕಾಯಿಗಳನ್ನೆಲ್ಲ ಗುಡಿಸಿ ಚೀಲಕ್ಕೆ ಹಾಕಿ, ಎರಡು ರಾಜ, ಒಂದು ಆನೆ ಮಾತ್ರ ಇಟ್ಟರು. ‘ಇಷ್ಟರಲ್ಲಿ ಗೆಲ್ಲೋದು ಕಲಿ. ಮೂವತ್ತೆರಡು ಕಾಯಿ ಮುಂದೆ ಕೂತ್ಕೊಳ್ಳೋ ಯೋಗ್ಯತೆ ನಿಂಗಿನ್ನೂ ಬಂದಿಲ್ಲ.’ ಮೂರು ವಾರ ಆವಲಪ್ಪ ಮೂರೇ ಕಾಯಿ ಆಡಿದ. ಒಂಟಿ ರಾಜನನ್ನು ಅಂಚಿಗೆ ತಳ್ಳುವುದು, ತನ್ನ ರಾಜನನ್ನು ಅವನ ಎದುರಿಗೆ ತಂದು ನಿಲ್ಲಿಸುವುದು, ಆಮೇಲೆ ಆನೆಯಿಂದ ಕೊನೆಯ ಸಾಲು ಮುಚ್ಚುವುದು. ಮೊದಲನೆಯ ಸಲ ಗೆದ್ದಾಗ ಆ ಒಂಟಿ ರಾಜನ ಮೇಲೆ ಅಯ್ಯೋ ಅನ್ನಿಸಿತು. ಅವನಿಗೆ ಎಲ್ಲಿಗೂ ಹೋಗಲು ಜಾಗವಿರಲಿಲ್ಲ, ಆದರೂ ಹೊಡೆದಿರಲಿಲ್ಲ ಯಾರೂ.

ಮೇಷ್ಟ್ರು ಕಾಯಿದೆಗಳನ್ನು ಒಂದೊಂದಾಗಿ ಕೊಟ್ಟರು. ಎದುರಿನವನು ಯಾಕೆ ಹಾಗೆ ಆಡಿದ ಎಂದು ಕೇಳಿಕೋ. ಕಾಯಿ ಹೊಡೆಯುವ ಮುಂಚೆ ಆಮೇಲೆ ಏನಾಗುತ್ತದೆ ಎಂದು ಐದರವರೆಗೆ ಎಣಿಸು. ಮಂತ್ರಿಯನ್ನು ಮೊದಲೇ ಮೆರವಣಿಗೆ ಹೊರಡಿಸಬೇಡ. ಸೋತ ಆಟವನ್ನು ಬರೆದಿಟ್ಟುಕೊಂಡು, ಎಲ್ಲಿ ಮೊದಲು ತಪ್ಪಿದೆ ಎಂದು ಹುಡುಕು. ಕೊನೆಯ ತಪ್ಪು ಎಲ್ಲರಿಗೂ ಕಾಣುತ್ತದೆ. ಕೈ ತಡೆಯದಿದ್ದರೆ ತೊಡೆ ಕೆಳಗೆ ಇಟ್ಟುಕೊಂಡು ಕೂರು. ಬರೆದಿಟ್ಟುಕೊಳ್ಳಲು ಆವಲಪ್ಪನಲ್ಲಿ ಇದ್ದದ್ದು ಕಚೇರಿಯ ಮಾಸಿಕ ಪ್ರಗತಿ ವರದಿಯ ಖಾಲಿ ನಮೂನೆಗಳು. ಗುರಿ, ಸಾಧನೆ, ಅಡಚಣೆಗಳು, ಮುಂದಿನ ಕ್ರಮ ಎಂದು ನಾಲ್ಕು ಅಂಕಣ. ಗುರಿ: ಒಂದು. ಸಾಧನೆ: ಇಲ್ಲ. ಅಡಚಣೆಗಳು: ಪಿಳ್ಳಣ್ಣ. ಇನ್ನೂ ಕೆಳಗೆ, ಈ ವಾರ ನಷ್ಟವಾದದ್ದು ಆನೆ ಎರಡು, ಕುದುರೆ ಒಂದು. ಹೀಗೆ ತುಂಬಿದ ಹಾಳೆಯೊಂದು ಗೊಬ್ಬರದ ಗುಂಡಿಗಳ ವರದಿಯ ಜೊತೆ ಸೇರಿಕೊಂಡು ಹೊಸಕೋಟೆಯ ಬ್ಲಾಕ್ ಕಚೇರಿಗೆ ಹೋಗಿಬಿಟ್ಟಿತು. ಹತ್ತು ದಿನಕ್ಕೆ ಪತ್ರ ಬಂತು. ತಮ್ಮ ವೃತ್ತದಲ್ಲಿ ಆನೆಗಳು ಎಲ್ಲಿಂದ ಬಂದವು, ಸತ್ತದ್ದು ಹೇಗೆ, ಪಿಳ್ಳಣ್ಣ ಎಂಬಾತನ ಮೇಲೆ ಏನು ಕ್ರಮ ಜರುಗಿಸಲಾಗಿದೆ ಎಂದು ಮೂರು ದಿನದೊಳಗೆ ತಿಳಿಸತಕ್ಕದ್ದು. ಆವಲಪ್ಪ ಸೈಕಲ್ಲಿನಲ್ಲಿ ಹೊಸಕೋಟೆಗೆ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತು, ಹೆಂಡತಿ, ಮಾವ, ಚಪ್ಪಡಿ ಎಲ್ಲವನ್ನೂ ಹೇಳಿದ. ಗುಮಾಸ್ತರೆಲ್ಲ ಬರೆಯುವುದು ನಿಲ್ಲಿಸಿದ್ದರು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ‘ನೀವು ಕುದುರೆನ ಅಂಚಿಗೆ ಹಾಕ್ತೀರೇನ್ರೀ? ಅಲ್ಲೇ ತಪ್ಪಾಗೋದು’ ಎಂದರು.

ಹನ್ನೊಂದನೆಯ ಭಾನುವಾರದ್ದನ್ನು ನೆನೆದರೆ ಈಗಲೂ ಬಸ್ಸಿನಲ್ಲಿ ಕೂತಲ್ಲೇ ಕಿವಿ ಬಿಸಿಯಾಗುತ್ತದೆ. ಮೇಷ್ಟ್ರು ಬೆಂಗಳೂರಿನಿಂದ ತರಿಸಿದ್ದ ಇಂಗ್ಲಿಷ್ ಪುಸ್ತಕದಿಂದ ಒಂದು ಆರಂಭ ಕಲಿಸಿದ್ದರು. ಆವಲಪ್ಪ ಅದನ್ನು ಹೊಲದ ಬದುಗಳ ಮೇಲೆ ನಡೆಯುತ್ತ ಮಂತ್ರದ ಹಾಗೆ ಉರುಹಚ್ಚಿದ್ದ. ಅಂದು ಮೊದಲ ನಡೆಗೇ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟ. ‘ಅದೇನ್ ಅಳಿಮಯ್ಯ, ಕಾಲಾಳು ಎರಡು ಹೆಜ್ಜೆ ಹಾಕ್ತು?’ ಎಂದರು ಮಾವ. ಪುಸ್ತಕದಲ್ಲಿ ಹಾಗೇ ಇದೆ, ಮೊದಲ ಸಲ ಎರಡು ಹೋಗಬಹುದು ಎಂದ ಆವಲಪ್ಪ. ‘ನಡ್ಕೊಂಡು ಹೋಗೋನು ಹೆಂಗಪ್ಪಾ ಎರಡು ಹೋಗ್ತಾನೆ’ ಎಂದು ಪಿಳ್ಳಣ್ಣ ತನ್ನ ಪಕ್ಷದವನ ಮೇಲೇ ತಿರುಗಿಬಿದ್ದ. ಅಲ್ಲಿ ಕಾಲಾಳು ಒಂದೇ ಮನೆ ನಡೆಯುತ್ತಾನೆ. ಅಲ್ಲಿ ರಾಜ ಆಟಕ್ಕೊಮ್ಮೆ ಕುದುರೆಯ ಹಾಗೆ ನೆಗೆಯಬಹುದು. ಪುಸ್ತಕದಲ್ಲಿ ರಾಜನೂ ಆನೆಯೂ ಜಾಗ ಬದಲಾಯಿಸಿಕೊಳ್ಳುತ್ತಾರೆ ಎಂದು ಆವಲಪ್ಪ ಬಾಯಿ ತಪ್ಪಿ ಹೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಪಾಪ, ಒಬ್ಬನೇ ಇದ್ದು ಇದ್ದು ಹೀಗಾಗಿದೆ ಎಂಬಂತೆ ಅತ್ತೆ ಒಳಗಿನಿಂದ ಮಜ್ಜಿಗೆ ಕಳಿಸಿದರು. ಇಷ್ಟು ದಿನ ತಾನು ಕಲಿತದ್ದು ಕುಂದಾಣದಲ್ಲಿ ಯಾರೂ ಆಡದ ಆಟವೊಂದನ್ನು ಎಂದು ತಿಳಿದು ಅವನು ಆ ಮಜ್ಜಿಗೆಯನ್ನು ಕುಡಿದ. ಮೇಷ್ಟ್ರಿಗೆ ಹೇಳಿದಾಗ ಅವರು ಪುಸ್ತಕ ಮುಚ್ಚಿ, ‘ಹಾಗಾದ್ರೆ ಅವರ ಕಾಯಿದೆಲೇ ಆಡು. ತಾಳ್ಮೆಗೆ ಯಾವ ಊರಾದರೇನು’ ಎಂದರು.

ಕುಂದಾಣದಲ್ಲಿ ಇಳಿದಾಗ ಹನ್ನೊಂದಾಗಿತ್ತು. ಜಗಲಿಯಲ್ಲಿ ಕಾಯಿ ಜೋಡಿಸಿಟ್ಟಿದ್ದರು. ‘ಬನ್ನಿ ಅಳಿಮಯ್ಯ’ ಎಂದರು ಮಾವ. ಆವಲಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದ. ಲಕ್ಷ್ಮೀದೇವಮ್ಮ ಚೊಂಬು ಹಿಡಿದು ನಿಂತಿದ್ದಳು. ಹದಿನಾರು ವಾರವೂ ಅವಳು ಅಲ್ಲೇ ನಿಂತು ಚೊಂಬು ಕೊಟ್ಟಿದ್ದಳು, ಮೊದಲ ವಾರಗಳಲ್ಲಿ ನಗುತ್ತ, ಆಮೇಲೆ ನಗದೆ, ಈಚೆಗೆ ಬೇರೆಲ್ಲೋ ನೋಡುತ್ತ. ಇವತ್ತು ನೇರ ಇವನನ್ನೇ ನೋಡಿದಳು.

‘ಇವತ್ತು ನಾನು ನಾಲ್ಕು ಗಂಟೆ ಬಸ್ಸಿಗೆ ಬರ್ತೀನಿ. ಟ್ರಂಕು ತುಂಬಿಟ್ಟಿದೀನಿ.’

‘ಮಾವ ಒಪ್ಪಿದ್ರಾ?’

‘ಅಪ್ಪ ಯಾವತ್ತು ಬೇಡ ಅಂದ್ರು? ನೀವು ಯಾವತ್ತು ಕೇಳಿದ್ರಿ?’

‘ಗೆದ್ದು ಕರ್ಕೊಂಡೋಗಿ ಅಂದಿದ್ರಲ್ಲ, ನಾಲ್ಕು ಜನದ ಮುಂದೆ.’

‘ಊರಲ್ಲಿ ಹೆಂಗಸ್ರು ಏನಂತಾರೆ ಗೊತ್ತಾ ನಿಮಗೆ? ನಂಗೇನೋ ಕಾಯಿಲೆ ಇದೆ, ಅದಕ್ಕೆ ಗಂಡ ಬಂದು ಬಂದು ನೋಡ್ಕೊಂಡು ಹೋಗ್ತಾನೆ ಅಂತಾರೆ. ನೀರು ಸೇದಕ್ಕೆ ಹೋದ್ರೆ ಎದುರುಮನೆ ದ್ಯಾವಮ್ಮ ನನ್ ಕೊಡ ಮುಟ್ಟಲ್ಲ.’ ಅವಳ ದನಿ ಏರಲಿಲ್ಲ. ‘ಗೆಲ್ಲಿ, ಸೋಲಿ, ನಂಗೆ ಬೇಕಿಲ್ಲ. ಅಪ್ಪನ್ನ ಒಂದು ಮಾತು ಕೇಳಿ, ಅಷ್ಟೇ. ನೀವೇ ಕೇಳ್ಬೇಕು.’

ಆವಲಪ್ಪನಿಗೆ ತಲೆಯಿಂದ ಭಾರ ಇಳಿದಂತಾಯಿತು. ಪಾಪ, ಇಷ್ಟು ದಿನ ಇದನ್ನೆಲ್ಲ ನುಂಗಿಕೊಂಡಿದ್ದಳು ಎಂದು ಮನಸ್ಸು ಕರಗಿತು. ಅವಳ ಕೈಯಿಂದ ಚೊಂಬು ತೆಗೆದುಕೊಳ್ಳುವಾಗ ಬೆರಳು ತಾಗಿ, ಎಂಟು ತಿಂಗಳ ಹಿಂದಿನ ಆ ಸಣ್ಣ ಕೋಣೆ, ಅವಳು ಹಚ್ಚಿದ ಮೊದಲ ಒಲೆಯ ಹೊಗೆ, ಇಬ್ಬರೂ ಕೆಮ್ಮಿ ನಕ್ಕದ್ದು ನೆನಪಾಗಿ, ಇವಳಿಲ್ಲದೆ ನಾನು ಹೇಗಿದ್ದೆ ಎನ್ನಿಸಿತು. ಕೇಳುತ್ತೇನೆ, ಖಂಡಿತ ಕೇಳುತ್ತೇನೆ ಎಂದ. ಕಾಲಿಗೆ ನೀರು ಹೊಯ್ದುಕೊಳ್ಳುತ್ತಿರುವಾಗ ಮಾತ್ರ, ಹಾಗಾದರೆ ಮೂರು ವಾರ ಮೂರೇ ಕಾಯಿ ಆಡಿದ್ದು ಯಾತಕ್ಕೆ ಎಂದು ಒಂದು ಸಣ್ಣ ನೋವು ಎಲ್ಲಿಂದಲೋ ಬಂತು. ಆ ನೋವಿಗೆ ನಾಚಿಕೆಪಟ್ಟು ಎರಡು ಚೊಂಬು ನೀರು ಹೆಚ್ಚಿಗೆ ಹೊಯ್ದುಕೊಂಡ.

ಜಗಲಿಗೆ ಬಂದು ಕೂತಾಗ ಪಿಳ್ಳಣ್ಣ ತೊಡೆ ತಾಗಿಸಿದ. ಆವಲಪ್ಪ ಎರಡೂ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡು, ‘ಪಿಳ್ಳಣ್ಣ, ಇವತ್ತು ನಾನೇ ಆಡ್ತೀನಿ’ ಎಂದ. ಇಷ್ಟು ಸುಲಭವೇ ಇದು ಎಂದು ಅವನಿಗೇ ಆಶ್ಚರ್ಯವಾಯಿತು. ಪಿಳ್ಳಣ್ಣ ಒಂದು ಗೇಣು ದೂರ ಸರಿದು, ಮನೆಯಿಂದ ಹೊರಗೆ ಹಾಕಿದವನ ಮುಖ ಮಾಡಿಕೊಂಡು ಕೂತ. ಕೇಳುವುದು ಊಟಕ್ಕೆ ಮುಂಚೆ ಬೇಡ, ಊಟದಲ್ಲಿ ಕೇಳೋಣ ಎಂದುಕೊಂಡು ಆವಲಪ್ಪ ಮೊದಲ ಕಾಲಾಳನ್ನು ಒಂದು ಮನೆ, ಒಂದೇ ಮನೆ, ನಡೆಸಿದ. ಮಾವ ಆಡಿದರು. ಯಾಕೆ? ಒಂಟೆಗೆ ದಾರಿ ಬಿಡಲು. ಇವನು ಆಡಿದ. ಮಾವ ಆಡಿದರು. ಯಾಕೆ? ಐದು ಎಣಿಸಿದ. ಹದಿನಾರು ಭಾನುವಾರ ಆ ಚಪ್ಪಡಿಯ ಮೇಲೆ ಅವನಿಗೆ ಕಂಡಿದ್ದು ತನ್ನ ಕಾಯಿಗಳು ಮಾತ್ರ. ಮಾವನ ಕಾಯಿಗಳು ಎಲ್ಲಿಂದಲೋ ಬಂದು ಹೊಡೆಯುವ ಆಲಿಕಲ್ಲಿನಂತಿದ್ದವು. ಈಗ ಅವೂ ಒಂದೊಂದು ಕೆಲಸವಿಟ್ಟುಕೊಂಡು ಹೊರಟಿವೆ ಎಂದು ಕಾಣತೊಡಗಿತು. ಮಾವ ಬರೀ ಧೈರ್ಯದ ಮೇಲೆ ಆಡುತ್ತಿದ್ದರು. ಅವರಿಗೆ ಅಂಥ ದೊಡ್ಡ ಆಟವೇನೂ ಬರುತ್ತಿರಲಿಲ್ಲ. ಇದು ತಿಳಿದಾಗ ಆವಲಪ್ಪನಿಗೆ ಸಂತೋಷದ ಜೊತೆಗೆ ಸಣ್ಣ ಭಯವೂ ಆಯಿತು, ಹಿರಿಯರ ಪಂಚೆ ಸಡಿಲವಾದದ್ದನ್ನು ಕಂಡವನ ಹಾಗೆ. ಮಾವನ ರಾಜ ನೆಗೆಯುವ ಒಂದು ಅವಕಾಶವನ್ನೂ ಬೇಗನೆ ಖರ್ಚು ಮಾಡಿಸಿದ. ಕುದುರೆ ಬಂತು. ಮಂತ್ರಿಗೆ ಮಂತ್ರಿ ಹೋಯಿತು. ಅತ್ತೆ ಊಟಕ್ಕೆ ಎರಡು ಸಲ ಕರೆದರು.

ಮುದ್ದೆ ಮುರಿಯುತ್ತ ಆವಲಪ್ಪ ಕೇಳಿಯೇಬಿಟ್ಟ. ‘ಮಾವ, ಇವತ್ತು ಇವಳನ್ನ ಕಳಿಸ್ಕೊಡಿ.’

ದೊಡ್ಡಮುನಿಯಪ್ಪ ತಲೆ ಎತ್ತಿದರು. ‘ಕರ್ಕೊಂಡೋಗಿ. ಅದನ್ನೇನ್ ಕೇಳೋದು? ನಿಮ್ ಹೆಂಡ್ತಿ.’

‘ಅಲ್ಲ, ಆಟ ಗೆದ್ದು ಅಂತ ನೀವು...’

‘ಆಟ ಬೇರೆ, ಸಂಸಾರ ಬೇರೆ ಅಳಿಮಯ್ಯ. ಏನೋ ನಗಾಡ್ದೆ ಅವತ್ತು. ನೀವು ವಾರ ವಾರ ಬರೋರು, ಆಡೋರು, ಹೋಗೋರು. ಮನೆ ಗಿನೆ ಸರಿ ಇಲ್ವೇನೋ ಅಲ್ಲಿ, ಅವರಾಗೇ ಕೇಳ್ಲಿ ಅಂತ ನಾವೂ ಸುಮ್ನಿದ್ವಿ.’ ಸಾರು ಸುರಿದುಕೊಂಡು ಮತ್ತೆ ಅಂದರು: ‘ಆಟ ಹಂಗೇ ಇರ್ಲಿ ಬುಡಿ. ಊಟ ಮಾಡಿ ಹೊರಡ್ರಿ. ಹೊತ್ತು ಮಾಡ್ಕೋಬ್ಯಾಡಿ, ಈ ಬಸ್ ತಪ್ಪುದ್ರೆ ನಾಳೇಕೇ.’

ಹದಿನೇಳು ಭಾನುವಾರ ಮುದ್ದೆಯ ಜೊತೆ ಗಂಟಲಿಗಿಳಿದವು. ಈಗ ಎದ್ದು ಕುಣಿಯಬೇಕಿತ್ತು. ಒಳಗೆ ಅವಳು ಕೇಳಿಸಿಕೊಂಡು, ಸೀರೆ ಬದಲಾಯಿಸಲು ಹೋದಳು. ಬಾಗಿಲು ಹಾಕಿದ ಸದ್ದು ಕೇಳಿಸಿತು. ಆದರೆ ಕೈ ತೊಳೆದುಕೊಂಡು ಜಗಲಿಗೆ ಬಂದ ಆವಲಪ್ಪನ ಕಣ್ಣು ಚಪ್ಪಡಿಯ ಮೇಲೆ ಬಿತ್ತು. ಅವನ ಹತ್ತಿರ ಆನೆ, ಎರಡು ಕಾಲಾಳು. ಮಾವನ ಹತ್ತಿರ ಒಂದು ಒಂಟೆ, ಒಂದು ಕಾಲಾಳು. ಇದು ಗೆಲ್ಲುವ ಆಟ. ಆಟ ಹಾಗೇ ಇರಲಿ ಎಂದರಲ್ಲ, ಯಾಕೆ? ಎರಡು ತಿಂಗಳ ಅಭ್ಯಾಸ ತಾನಾಗಿಯೇ ಕೇಳಿತು. ನಾಲ್ಕು ತಿಂಗಳು ಕಳಿಸದವರು ಇವತ್ತೇ, ಈ ಹೊತ್ತಿಗೇ, ಹೊರಡಿ ಎನ್ನುತ್ತಿರುವುದು ಯಾಕೆ? ಸೋಲುತ್ತಿದ್ದಾರೆ, ಅದಕ್ಕೆ. ಮಗಳನ್ನು ಕೊಟ್ಟು ಆಟ ಉಳಿಸಿಕೊಳ್ಳುತ್ತಿದ್ದಾರೆ. ಇಷ್ಟು ಸ್ಪಷ್ಟವಾಗಿ ಅವನಿಗೆ ಜೀವನದಲ್ಲಿ ಯಾವ ನಡೆಯೂ ಕಂಡಿರಲಿಲ್ಲ. ಬೇಡ, ಅವರು ಒಳ್ಳೆಯವರು, ಹಾಗೆ ಯೋಚಿಸುವುದು ಪಾಪ ಎಂದು ಒಳಗಿನ ಇನ್ನೊಬ್ಬ ಹೇಳಿದ. ಪಾಪವೇ ಸರಿ. ಆದರೂ ಕೂತ.

‘ಇನ್ನೂ ಹೊತ್ತಿದೆ ಮಾವ, ಮುಗಿಸಿಯೇ ಬಿಡೋಣ.’

ಮಾವ ಬೀದಿಯ ಬಿಸಿಲು ನೋಡಿದರು, ಅಳಿಯನ ಮುಖ ನೋಡಿದರು, ಎದುರಿಗೆ ಕೂತರು. ಪಿಳ್ಳಣ್ಣ ಆಗಲೇ ಮನೆಗೆ ಹೋಗಿದ್ದ. ಆವಲಪ್ಪ ಕೈಗಳನ್ನು ತೊಡೆ ಕೆಳಗಿಟ್ಟುಕೊಂಡ. ಒಂದು ಕಾಲಾಳನ್ನು ಕೊಟ್ಟು ಮಾವನ ಕಾಲಾಳನ್ನು ತೆಗೆದ. ರಾಜನನ್ನು ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ತಂದ. ಮಾವನ ಒಂಟೆ ಓರೆಯಾಗಿ ಹಾರಾಡಿತು, ಏನೂ ಮಾಡಲಾರದೆ. ಮಾವ ಈಗ ಬೇಗ ಬೇಗ ಆಡುತ್ತಿದ್ದರು. ಅವರು ಅವಸರ ಮಾಡಿಸುತ್ತಿದ್ದಾರೆ, ಅವಸರಪಡಬಾರದು ಎಂದು ಆವಲಪ್ಪ ಇನ್ನೂ ನಿಧಾನ ಮಾಡಿದ. ಚಪ್ಪಡಿಯ ಮೇಲೆ ಒಂದು ನೆರಳು ಬಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಮುಡಿದಿದ್ದರೂ ಕನಕಾಂಬರಕ್ಕೆ ವಾಸನೆಯಿರುವುದಿಲ್ಲ, ಹೊಸ ಸೀರೆಯ ಗಂಜಿಯ ವಾಸನೆ ಬಂತು.

‘ಹೊರಡೋಣ್ವಾ?’ ಎಂದಳು ಲಕ್ಷ್ಮೀದೇವಮ್ಮ.

‘ಬಂದೆ. ಒಂದೇ ನಿಮಿಷ.’

ದೂರದಲ್ಲಿ ಹಾರನ್ನು ಕೇಳಿಸಿತು. ಬಸ್ಸು ಊರ ಬಾಗಿಲಿಗೆ ಬಂದಿತ್ತು. ಅಲ್ಲಿ ಐದು ನಿಮಿಷ ನಿಲ್ಲುತ್ತದೆ. ಟ್ರಂಕಿನ ಹಿಡಿ ಕೆಳಗೆ ಬಿಟ್ಟ ಸದ್ದು, ಮತ್ತೆ ಎತ್ತಿದ ಸದ್ದು. ಮಾವನ ರಾಜ ಅಂಚಿನ ಸಾಲಿಗೆ ಬಂದಿದ್ದ. ಇನ್ನು ಎರಡು ನಡೆ, ಮೂರಿದ್ದರೂ ಇರಬಹುದು.

‘ಬೀಗದ ಕೈ ಕೊಡಿ’ ಎಂದಳು.

ಆವಲಪ್ಪ ತೊಡೆ ಕೆಳಗಿಂದ ಕೈ ತೆಗೆದು, ಜೇಬಿನಿಂದ ಮನೆಯ ಬೀಗದ ಕೈ ತೆಗೆದು, ನೆರಳು ಇದ್ದ ಕಡೆ ಚಾಚಿದ. ಅದನ್ನು ಯಾರೋ ತೆಗೆದುಕೊಂಡರು. ಕೈ ಮತ್ತೆ ತೊಡೆಯ ಕೆಳಗೆ ಹೋಯಿತು.

‘ಅಪ್ಪ, ನೀವಾದ್ರೂ ಬಂದು ಬಸ್ ಹತ್ತುಸ್ರಿ.’

‘ಏಳಿ ಅಳಿಮಯ್ಯ’ ಎಂದರು ಮಾವ. ಅವರು ಎದ್ದು ನಿಂತಾಗಿತ್ತು. ಆವಲಪ್ಪ ಏಳಲಿಲ್ಲ. ‘ನೀವು ಆಡಿ ಹೋಗಿ ಮಾವ, ನಿಮ್ದು ನಡೆ’ ಎಂದ. ದೊಡ್ಡಮುನಿಯಪ್ಪ ನಿಂತಲ್ಲಿಂದಲೇ ಬಗ್ಗಿ ತಮ್ಮ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ, ಟ್ರಂಕನ್ನು ಹೆಗಲಿಗೇರಿಸಿಕೊಂಡು ಇಳಿದುಹೋದರು. ಪಾಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹಿಂದೆ ಹೋದರು. ಬಳೆಯ ಸದ್ದು ಬೀದಿ ತಿರುಗಿತು.

ಈಗ ಜಗಲಿಯಲ್ಲಿ ತುಂಬ ಶಾಂತಿಯಿತ್ತು. ಮಾವನ ರಾಜ ಇವನ ರಾಜನ ಎದುರಿಗೇ ಬಂದು ನಿಂತಿದ್ದ. ಆನೆಯನ್ನು ಕೊನೆಯ ಸಾಲಿಗೆ ಎಳೆದರೆ ಮುಗಿಯಿತು. ಮೂರು ವಾರ ಸಂಜೆಯೆಲ್ಲ ಆಡಿದ್ದು ಇದೇ. ಆದರೂ ಆವಲಪ್ಪ ಐದು ಎಣಿಸಿದ. ರಾಜ ಬಲಕ್ಕೆ ಹೋಗಲಾರ. ಎಡಕ್ಕೆ ಹೋಗಲಾರ. ಒಂಟೆ ಅಡ್ಡ ಬಂದರೆ? ಅದರ ಓರೆ ಸಾಲು ಬೇರೆ, ಬರಲಾರದು. ನೆಗೆತ? ಅದು ಬೆಳಿಗ್ಗೆಯೇ ಖರ್ಚಾಗಿದೆ. ಮತ್ತೆ ಮೊದಲಿನಿಂದ ಎಣಿಸಿದ. ಹಾರನ್ನು ಇನ್ನೊಂದು ಸಲ ಕೇಳಿಸಿತು, ಉದ್ದಕ್ಕೆ. ಮೂರನೆಯ ಸಲ ಎಣಿಸಿ, ಎಲ್ಲೂ ತಪ್ಪಿಲ್ಲವೆಂದು ಖಚಿತವಾದ ಮೇಲೆ, ನೂಲಿನ ಉರುಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಕೊನೆಯ ಸಾಲಿಗೆ ಎಳೆದು ಬಿಟ್ಟ. ‘ಷಾ’ ಎಂದ ಮೆಲ್ಲಗೆ. ರಾಜನಿಗೆ ಹೋಗಲು ಮನೆಯಿರಲಿಲ್ಲ. ಗೆದ್ದೆ, ಅವಳಿಗೆ ಹೇಳಬೇಕು ಎಂದು ನಗುತ್ತ ತಲೆ ಎತ್ತಿದ. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಬೀದಿಯಲ್ಲಿ ಒಂದು ಎಮ್ಮೆ ಹೋಗುತ್ತಿತ್ತು. ಆಗ ಅವನು ಎದ್ದ. ಎರಡೂ ಕಾಲು ಜೋಮು ಹಿಡಿದಿದ್ದವು, ಕಂಬ ಹಿಡಿದುಕೊಂಡು ಮತ್ತೆ ಕೂತ. ಓಡು ಎಂದು ತನಗೆ ತಾನೇ ಹೇಳಿಕೊಂಡ. ಬಸ್ಸಿನ ಸದ್ದು ಆಗಲೇ ಏರಿನ ಆಚೆಗಿತ್ತು.

ಮಾವ ಒಬ್ಬರೇ ಜಗಲಿಗೆ ಬಂದರು, ಅತ್ತೆ ಹಿತ್ತಲಿನಿಂದ ಒಳಗೆ ಹೋದರು. ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಚಪ್ಪಡಿಯ ಮುಂದೆ ನಿಂತು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

‘ಗೆದ್ದಿದೀರ’ ಎಂದರು.

‘ಬಸ್ ಸಿಕ್ತಾ?’

‘ಸಿಕ್ತು. ಟ್ರಂಕು ಮೇಲಾಕುಸ್ದೆ. ಮುಂದ್ಗಡೆ ಸೀಟು.’ ಅವರು ಜಗಲಿಯ ಅಂಚಿನಲ್ಲಿ ಕೂತು ಚಪ್ಪಲಿ ಬಿಟ್ಟರು. ‘ಆ ಕಂಡಕ್ಟ್ರು ಒಳ್ಳೆ ಮನುಷ್ಯ. ಯಜಮಾನ್ರು ಬರ್ಬೇಕೇನಮ್ಮ, ಇನ್ನೊಂದು ಸ್ವಲ್ಪ ಹೊತ್ತು ಕಾಯ್ತೀನಿ ಅಂದ.’

‘ಏನಂದ್ಲು?’

‘ಯಾರೂ ಇಲ್ಲ, ಹೊರಡಪ್ಪಾ ಅಂದ್ಲು.’